ಹುಣಸೂರಿನ ಜೋಡು, ಜ್ಲೀನಿನ ಜೋಡು

(ಅಂತಿಮ ಬಿ.ಎ. ವಿದ್ಯಾರ್ಥಿ)

ಹುಣಸೂರು ಎಂದೊಡನೆ ಇಂದು ಯಾರಿಗಾದರೂ ಮೊದಲು ನೆನಪಾಗುವುದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಓಡಾಡಿದವರು ಹೊಲಗಳ ನಡುವೆ ನಿಂತಿರುವ, ಸೊಪ್ಪು ಬೇಯಿಸುವ ಬ್ಯಾರನ್ನುಗಳನ್ನು ನೋಡದೆ ಇರಲಾರರು. ಆದರೆ ನೂರ ಅರವತ್ತು ವರ್ಷಗಳ ಹಿಂದೆ ಹುಣಸೂರಿಗೆ ಹೆಸರು ತಂದಿದ್ದುದು ಬೇರೊಂದು ಸರಕು. ಅದು ಚರ್ಮ, ಚರ್ಮದಿಂದ ಮಾಡಿದ ಬೂಟು. ಈ ಸಂಗತಿ ನಮ್ಮ ಕಾಲೇಜಿನ ಬಹುಮಂದಿ ಸ್ನೇಹಿತರಿಗೆ ಹೊಸದಾಗಿ ತೋರಬಹುದು. ಚರ್ಮದ ಕೆಲಸವನ್ನೇ ನಂಬಿ ಬದುಕಿದ ಮನೆಯಲ್ಲಿ ಹುಟ್ಟಿದ ನನಗೂ ಇದು ತಿಳಿದದ್ದು ಪುಸ್ತಕ ಭಂಡಾರದಲ್ಲಿ ಗೆಜೆಟಿಯರಿನ ಹಾಳೆಗಳನ್ನು ತಿರುವಿಹಾಕಿದಾಗಲೇ.

ಅದೇ ಶತಮಾನದ ಕೊನೆಯಲ್ಲಿ, ಸಾವಿರಾರು ಮೈಲಿ ಆಚೆಯ ಒಂದು ಚಿಕ್ಕ ಊರಿನಲ್ಲಿ, ಒಬ್ಬ ಚಮ್ಮಾರನ ಮಕ್ಕಳು ಸಣ್ಣದೊಂದು ಪಾದರಕ್ಷೆಯ ಕಾರ್ಖಾನೆಯನ್ನು ತೆರೆದರು. ಅವರ ಮನೆತನದ ಹೆಸರು ಇಂದು ನಮ್ಮ ಜಿಲ್ಲೆಯ ಪೇಟೆಬೀದಿಗಳಲ್ಲಿಯೂ ಕೆಂಪು ಅಕ್ಷರಗಳಲ್ಲಿ ಕಾಣುತ್ತದೆ. ಆ ಹೆಸರೇ ಬಾಟಾ. ಹುಣಸೂರಿನ ಕೈಗಳೂ ಬೂಟು ಹೊಲಿದುವು. ಜ್ಲೀನ್ ಎಂಬ ಆ ಊರಿನ ಕೈಗಳೂ ಬೂಟು ಹೊಲಿದುವು. ಒಂದು ಕಡೆ ಹೆಸರು ಉಳಿಯಿತು, ಇನ್ನೊಂದು ಕಡೆ ಅಳಿಯಿತು. ಇದಕ್ಕೆ ಕಾರಣವೇನು ಎಂಬುದನ್ನು ಯಥಾಶಕ್ತಿ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಊರಿನ ಕಥೆಯನ್ನು ನೋಡೋಣ. ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿದ್ದಿತು. ಟಿಪ್ಪುಸುಲ್ತಾನನು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಈ ತಳಿಯ ಎತ್ತುಗಳು ವೇಗಕ್ಕೂ ಸಹನೆಗೂ ಹೆಸರಾದುವು; ಫಿರಂಗಿಗಳನ್ನು ಎಳೆಯಲು ಇವಕ್ಕೆ ಸಮನಾದುವು ಇರಲಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಂಪೆನಿಯ ಸೈನ್ಯದ ಕಣ್ಣು ಈ ದನಗಳ ಮೇಲೆ ಬಿದ್ದಿತು. ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು ಅಮೃತ ಮಹಲಿನ ಮುಖ್ಯ ಠಾಣೆಯಾಯಿತು. ಮದರಾಸು ಸೈನ್ಯದ ಸರಬರಾಜು ಇಲಾಖೆಯವರು ಅಲ್ಲಿಯೇ ಚರ್ಮ ಹದಮಾಡುವ ದೊಡ್ಡ ಕಾರ್ಖಾನೆ, ಕಂಬಳಿ ತಯಾರಿಸುವ ಕಾರ್ಖಾನೆ, ಮರದ ಕೋಠಿ ಇವುಗಳನ್ನು ನಡೆಸಿದರು. ದೇಶೀ ಸಿಪಾಯಿಗಳಿಗೆ ಬೇಕಾದ ಬೂಟು, ಬೆನ್ನಚೀಲ, ತೋಟಾಚೀಲ ಮುಂತಾದುವು ಅಲ್ಲಿ ತಯಾರಾಗುತ್ತಿದ್ದುವು. ಅವು ಉತ್ತಮ ದರ್ಜೆಯವಾಗಿದ್ದುವೆಂದು ಗೆಜೆಟಿಯರುಗಳು ಹೊಗಳಿವೆ.

ಚರ್ಮ ಹದಮಾಡುವುದು ಸುಲಭದ ಕೆಲಸವಲ್ಲ. ಹಸಿ ತೊಗಲನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕು. ಅನಂತರ ಸುಣ್ಣದ ತೊಟ್ಟಿಯಲ್ಲಿ ಕೆಲವು ದಿನ ಇಟ್ಟರೆ ಕೂದಲು ಸಡಿಲವಾಗುತ್ತದೆ. ಕೂದಲನ್ನೂ ಒಳಮೈಯ ಮಾಂಸವನ್ನೂ ಹೆರೆದು, ಸುಣ್ಣ ಹೋಗುವವರೆಗೆ ತೊಳೆಯಬೇಕು. ಆಮೇಲೆ ತಂಗಡಿಯ ತೊಗಟೆಯ ಕಷಾಯದಲ್ಲಿ, ಮೊದಲು ತೆಳುವಾದುದರಲ್ಲಿ, ಬಳಿಕ ಗಟ್ಟಿಯಾದುದರಲ್ಲಿ, ವಾರಗಟ್ಟಲೆ ಮುಳುಗಿಸಿಡಬೇಕು. ಅಳಲೆಕಾಯಿಯ ನೀರು ಕಾಣಿಸಿ, ಎಣ್ಣೆ ತಿಕ್ಕಿ, ನೆರಳಿನಲ್ಲಿ ಒಣಗಿಸಿದ ಮೇಲೆ ತೊಗಲು ಚರ್ಮವಾಗುತ್ತದೆ. ತೊಗಟೆಯ ಒಗರು ತೊಗಲಿನ ಎಳೆಎಳೆಗೂ ಸೇರಿಕೊಳ್ಳುವುದರಿಂದಲೇ ಅದು ಕೊಳೆಯದೆ ಬಾಳುತ್ತದೆ. ಇದಕ್ಕೆ ಹೇರಳವಾದ ನೀರು, ತೊಗಲು, ಸುಣ್ಣ, ತೊಗಟೆ ಬೇಕು. ನದಿಯ ನೀರೂ ಸುತ್ತಲಿನ ಹಳ್ಳಿಗಳ ದನಗಳೂ ಕೋಟೆಯ ಕಡೆಯ ಕಾಡೂ ಹುಣಸೂರಿಗೆ ಹತ್ತಿರದಲ್ಲಿದ್ದುವು. ಎಲ್ಲಕ್ಕಿಂತ ಮಿಗಿಲಾಗಿ ಈ ಕೆಲಸವನ್ನು ತಲೆಮಾರುಗಳಿಂದ ಬಲ್ಲ ಕೈಗಳಿದ್ದುವು.

ಆದರೆ ಕಾರ್ಖಾನೆಯ ಆಯುಸ್ಸು ಆ ಕೈಗಳ ಅಧೀನದಲ್ಲಿರಲಿಲ್ಲ. ೧೮೬೦ರಲ್ಲಿ ಮದರಾಸು ಸರ್ಕಾರವು ಖರ್ಚು ಉಳಿಸುವುದಕ್ಕೆಂದು ಅಮೃತ ಮಹಲನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟಿತು. ಅದು ತಪ್ಪೆಂದು ತಿಳಿದು ೧೮೬೬ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಇವುಗಳ ನಡುವೆ, ೧೮೬೪ರಲ್ಲಿ, ಹುಣಸೂರಿನ ಚರ್ಮದ ಕಾರ್ಖಾನೆಗೆ ಬೀಗ ಬಿದ್ದಿತು. ದನಗಳನ್ನು ಮತ್ತೆ ಕೂಡಿಸಿದರು. ಕಾರ್ಖಾನೆಯನ್ನು ಮತ್ತೆ ತೆರೆಯಲಿಲ್ಲ. ಉತ್ತರದ ಕಾನ್ಪುರದಲ್ಲಿಯಾದರೋ ಅದೇ ದಶಕದಲ್ಲಿ ಸೈನ್ಯದ ಜೀನು ಮತ್ತು ಸಜ್ಜಿನ ಕಾರ್ಖಾನೆ ತಲೆಯೆತ್ತಿತು. ೧೮೮೧ರಲ್ಲಿ ಅಲ್ಲಿಯೇ ಕೂಪರ್ ಅಲೆನ್ ಕಂಪೆನಿ ಆರಂಭವಾಗಿ ಸೈನ್ಯದ ಬೂಟುಗಳಿಗೆ ಹೆಸರಾಯಿತು.

ಹುಣಸೂರಿನಲ್ಲಿ ಕಾರ್ಖಾನೆ ಹೋದರೂ ವಿದ್ಯೆ ಹೋಗಲಿಲ್ಲ. ಅಲ್ಲಿ ಪಳಗಿದ ಕುಶಲಿಗಳಿಂದ ಒಳ್ಳೆಯ ಚರ್ಮ, ಬೂಟು, ಕಂಬಳಿ, ಗಾಡಿಗಳ ಕಸಬು ಊರಿನಲ್ಲಿ ಮುಂದೆಯೂ ನಡೆದುಬಂದಿತು. ಆದರೆ ದಾಖಲೆ ಉಳಿಸಿಕೊಂಡಿರುವುದು ಕಾರ್ಖಾನೆಯ ಹೆಸರನ್ನು ಮಾತ್ರ, ಹೊಲಿದವನ ಹೆಸರನ್ನಲ್ಲ. ಮುಂದೆ ೧೮೭೬-೭೮ರ ಧಾತು-ಈಶ್ವರ ಬರ ಬಂದಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಅಂಥ ಕಾಲದಲ್ಲಿ ಬಡ ಕುಶಲಿಯೊಬ್ಬನು ಸ್ವಂತ ಅಂಗಡಿ ತೆರೆಯುವ ಕನಸನ್ನಾದರೂ ಹೇಗೆ ಕಂಡಾನು?

ಇನ್ನು ಹಳ್ಳಿಯ ಸಂಗತಿ. ಹಳ್ಳಿಯಲ್ಲಿ ಚರ್ಮದ ಕೆಲಸದವನು ವ್ಯಾಪಾರಿಯಲ್ಲ, ಆಯಗಾರ. ಒಕ್ಕಲಿನ ಮನೆಗೆ ವರ್ಷಕ್ಕಿಷ್ಟು ಜೊತೆ ಮೆಟ್ಟು, ಕಪಿಲೆಯ ಬಾನಿ, ಮಿಣಿ, ಬಾರುಕೋಲಿನ ಬಾರು ಇವನ್ನೆಲ್ಲ ಮಾಡಿಕೊಡಬೇಕು. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತು ಕೊಟ್ಟಷ್ಟು ರಾಗಿಯನ್ನು ಸೆರಗೊಡ್ಡಿ ತರಬೇಕು. ನಮ್ಮ ತಾತ ಹೀಗೆಯೇ ಬದುಕಿದವರು. ಅವರ ರಂಪಿಗೆ, ದಬ್ಬಳ, ಕಲ್ಲು ಇಂದಿಗೂ ನಮ್ಮ ಮನೆಯ ಮೂಲೆಯಲ್ಲಿವೆ. ಪಾದವನ್ನು ಒಂದು ಸಲ ನೋಡಿದರೆ ಸಾಕು, ಅಳತೆಯಿಲ್ಲದೆ ಮೆಟ್ಟು ಕತ್ತರಿಸುತ್ತಿದ್ದರಂತೆ. ಆದರೆ ತಾವು ಮಾಡಿದ ಮೆಟ್ಟಿಗೆ ಬೆಲೆ ಇಷ್ಟು ಎಂದು ಅವರು ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ತಾವು ಹೊಲಿದ ಮೆಟ್ಟನ್ನು ಮೆಟ್ಟಿಕೊಂಡು ಊರಬೀದಿಯಲ್ಲಿ ನಡೆಯುವ ಅಧಿಕಾರವೂ ಅವರ ಎಳೆಯ ಕಾಲದಲ್ಲಿ ಅವರಿಗಿರಲಿಲ್ಲ. ಇದು ಒಂದು ಊರಿನ ಮಾತಲ್ಲ. ಅಸ್ಪೃಶ್ಯತೆಯು ನಾಡಿನ ಉದ್ದಗಲಕ್ಕೂ ಹಾಕಿದ್ದ ಕಟ್ಟು.

ಈಗ ಜ್ಲೀನಿಗೆ ಹೋಗೋಣ. ಇದು ಇಂದಿನ ಚೆಕ್ ಗಣರಾಜ್ಯದ ಮೊರಾವಿಯಾ ಪ್ರಾಂತದಲ್ಲಿದೆ. ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದಿತು. ನಮ್ಮಲ್ಲಿ ಧಾತು ಸಂವತ್ಸರದ ಬರ ಕಾಲಿಟ್ಟ ವರ್ಷವೇ, ೧೮೭೬ರ ಏಪ್ರಿಲ್ ೩ರಂದು, ಅಲ್ಲಿ ತೊಮಾಷ್ ಬಾಟಾ ಹುಟ್ಟಿದನು. ತಂದೆ ಆಂಟೊನಿನ್ ಬಾಟಾ ಚಮ್ಮಾರ; ಮನೆತನವು ಹಲವು ತಲೆಮಾರುಗಳಿಂದ ಅದೇ ಕಸಬಿನದು. ತೊಮಾಷನಿಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ತಂದೆ ಮತ್ತೆ ಮದುವೆಯಾದನು. ಹುಡುಗ ತಂದೆಯ ಬಳಿಯೇ ಕಸಬು ಕಲಿತನು. ಹದಿನೈದರ ಪ್ರಾಯದಲ್ಲಿ ಮನೆ ಬಿಟ್ಟು ವಿಯೆನ್ನಾ ನಗರದಲ್ಲಿ ಮನೆಗೆಲಸಕ್ಕಿದ್ದ ಅಕ್ಕ ಆನಾಳ ಬಳಿಗೂ ಹೋಗಿ ಬಂದನು.

೧೮೯೪ರಲ್ಲಿ ಅಣ್ಣ ಆಂಟೊನಿನ್, ಅಕ್ಕ ಆನಾ, ತಮ್ಮ ತೊಮಾಷ್ ಮೂವರೂ ಸೇರಿ ಜ್ಲೀನಿನಲ್ಲಿ ಉದ್ಯಮವನ್ನು ಆರಂಭಿಸಿದರು. ಪರವಾನಗಿ ಅಣ್ಣನ ಹೆಸರಿನಲ್ಲಿದ್ದಿತು. ಬಂಡವಾಳ ಎಲ್ಲಿಂದ ಬಂದಿತು? ತಾಯಿಯಿಂದ ಬರಬೇಕಾಗಿದ್ದ ಪಾಲನ್ನು ಮಕ್ಕಳು ತಂದೆಯಿಂದ ಕೇಳಿ ಪಡೆದರು; ಅದು ೮೦೦ ಗುಲ್ಡನ್. ವಾಚಕರು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಚಮ್ಮಾರನ ಮನೆಯಾದರೂ ಅಲ್ಲಿ ಮಕ್ಕಳು ಕೇಳುವಂಥ ಒಂದು ಪಾಲಿದ್ದಿತು. ಅದನ್ನು ಹಾಕಿ ತಮ್ಮ ಹೆಸರಿನಲ್ಲಿ ಅಂಗಡಿ ತೆರೆದರೆ ಬೇಡವೆನ್ನುವವರಿರಲಿಲ್ಲ.

ಆರಂಭವೇನೂ ಸುಖವಾಗಿರಲಿಲ್ಲ. ಒಂದೇ ವರ್ಷದಲ್ಲಿ ಸಾಲ ಕೊರಳಿನವರೆಗೆ ಬಂದಿತು. ಅಣ್ಣನು ಸೈನ್ಯದ ಸೇವೆಗೆ ಹೋಗಬೇಕಾಯಿತು. ಭಾರವೆಲ್ಲವೂ ತೊಮಾಷನ ಹೆಗಲಿಗೆ ಬಿದ್ದಿತು. ಚರ್ಮ ಕೊಳ್ಳಲು ಹಣವಿಲ್ಲದಿದ್ದಾಗ ಅವನಿಗೆ ಒಂದು ಉಪಾಯ ಹೊಳೆಯಿತು: ಅಟ್ಟೆಗೆ ಮಾತ್ರ ಚರ್ಮ, ಮೇಲ್ಭಾಗಕ್ಕೆ ಕ್ಯಾನ್ವಾಸ್ ಬಟ್ಟೆ. ಹಗುರವೂ ಅಗ್ಗವೂ ಆದ ಈ ಜೋಡು ದುಡಿಯುವ ಜನರಿಗೆ ಒಪ್ಪಿತು. ಸಾಲ ತೀರಿತು. ಬಡತನವೇ ಕಲಿಸಿದ ಈ ಪಾಠದಿಂದ ಮನೆತನದ ಏಳಿಗೆ ಮೊದಲಾಯಿತು.

೧೯೦೪ರಲ್ಲಿ ತೊಮಾಷನು ಅಮೆರಿಕಕ್ಕೆ ಹೋಗಿ, ಮಾಲೀಕನಾಗಿದ್ದರೂ, ಲಿನ್ ಎಂಬ ಊರಿನ ಪಾದರಕ್ಷೆಯ ಕಾರ್ಖಾನೆಯಲ್ಲಿ ಕೂಲಿಯವನಾಗಿ ದುಡಿದು ಯಂತ್ರಗಳ ರೀತಿಯನ್ನು ಕಲಿತನು. ಆ ಲಿನ್ ಊರಿನಲ್ಲಿಯೇ ಯಾನ್ ಮ್ಯಾಟ್ಸೆಲಿಗರ್ ಎಂಬ ಕಪ್ಪು ಜನಾಂಗದ ಕೆಲಸಗಾರನು ಬಾಳಿದ್ದನು. ಬೂಟಿನ ಮೇಲ್ಭಾಗವನ್ನು ಅಚ್ಚಿನ ಮೇಲೆ ಎಳೆದು ಅಟ್ಟೆಗೆ ಕೂಡಿಸುವುದು ಬಹು ಕಷ್ಟದ ಕೆಲಸ. ನುರಿತ ಕೈ ದಿನಕ್ಕೆ ೫೦ ಜೊತೆ ಮಾಡಿದರೆ ಹೆಚ್ಚು. ಮ್ಯಾಟ್ಸೆಲಿಗರನು ಅದಕ್ಕೊಂದು ಯಂತ್ರವನ್ನು ಕಂಡುಹಿಡಿದು ೧೮೮೩ರಲ್ಲಿ ಹಕ್ಕುಪತ್ರ ಪಡೆದನು. ಅದರಿಂದ ದಿನಕ್ಕೆ ೧೫೦ರಿಂದ ೭೦೦ ಜೊತೆಯವರೆಗೆ ಸಾಧ್ಯವಾಯಿತು. ಮೈಬಣ್ಣದ ಕಾರಣದಿಂದ ಊರಿನ ಹಲವು ಚರ್ಚುಗಳು ಅವನನ್ನು ಸೇರಿಸಿಕೊಳ್ಳಲಿಲ್ಲ. ೧೮೮೯ರಲ್ಲಿ, ೩೬ನೆಯ ವಯಸ್ಸಿನಲ್ಲಿ, ಅವನು ಕ್ಷಯದಿಂದ ತೀರಿಕೊಂಡನು. ಲಾಭ ಬೇರೆಯವರದಾದರೂ ಹಕ್ಕುಪತ್ರದಲ್ಲಿ ಅವನ ಹೆಸರಿರುವುದರಿಂದ ಲೋಕ ಅವನನ್ನು ಮರೆಯಲಾಗಲಿಲ್ಲ. ಹೆಸರು ಬರೆದಿಡುವುದರ ಬೆಲೆ ಇದು.

ಬಾಟಾ ಮನೆತನದ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೦೮ರಲ್ಲಿ ಅಣ್ಣ ಆಂಟೊನಿನ್ ತೀರಿಕೊಂಡನು. ೧೯೧೨ರಲ್ಲಿ ತೊಮಾಷನು ಮಾರೀ ಎಂಬಾಕೆಯನ್ನು ಮದುವೆಯಾದನು. ೧೯೧೪ರಲ್ಲಿ ಒಬ್ಬ ಮಗ ಹುಟ್ಟಿದನು. ಅವನಿಗೂ ತಂದೆಯ ಹೆಸರನ್ನೇ ಇಟ್ಟರು. ಅದೇ ವರ್ಷ ಮೊದಲನೆಯ ಮಹಾಯುದ್ಧ ಆರಂಭವಾಗಲು ಸೈನ್ಯದ ಬೂಟುಗಳಿಗೆ ದೊಡ್ಡ ಬೇಡಿಕೆ ಬಂದಿತು. ಯುದ್ಧಾನಂತರ ೧೯೨೨ರಲ್ಲಿ ವ್ಯಾಪಾರ ಕುಸಿದಾಗ ಅವನು ಜೋಡುಗಳ ಬೆಲೆಯನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿದನು. ಕೆಲಸಗಾರರ ಸಂಬಳವೂ ನೂರಕ್ಕೆ ೪೦ರಷ್ಟು ಇಳಿಯಿತು. ಆದರೆ ದಿನಸಿ, ಬಟ್ಟೆಗಳನ್ನು ಅವರಿಗೆ ಅರ್ಧ ಬೆಲೆಗೆ ಒದಗಿಸಿದನು. ೧೯೨೩ರಲ್ಲಿ ಜ್ಲೀನಿನ ಪೌರಾಧ್ಯಕ್ಷನಾದನು. ಮನೆಗಳು, ಶಾಲೆಗಳು, ಆಸ್ಪತ್ರೆ ಬಂದುವು. ೧೯೨೪ರಿಂದ ಕಾರ್ಖಾನೆಯ ಒಂದೊಂದು ವಿಭಾಗವೂ ತನ್ನ ಲೆಕ್ಕವನ್ನು ತಾನೇ ಇಟ್ಟು ಲಾಭದಲ್ಲಿ ಪಾಲು ಪಡೆಯುವ ಪದ್ಧತಿ ಬಂದಿತು. ಕಾರ್ಮಿಕ ಸಂಘಗಳನ್ನು ಮಾತ್ರ ಅವನು ಸಹಿಸುತ್ತಿರಲಿಲ್ಲ. ಈ ದೋಷವನ್ನು ಮುಚ್ಚಿಡಬೇಕಾಗಿಲ್ಲ.

೧೯೩೨ರ ಜುಲೈ ೧೨ರ ಬೆಳಿಗ್ಗೆ ದಟ್ಟವಾದ ಮಂಜಿನಲ್ಲಿ ಹೊರಟ ವಿಮಾನವು ಬಿದ್ದು ತೊಮಾಷನು ಮರಣಹೊಂದಿದನು. ಮಗ ಇನ್ನೂ ಎಳೆಯ. ಆದುದರಿಂದ ಮಲತಮ್ಮನಾದ ಯಾನ್ ಆಂಟೊನಿನ್ ಉದ್ಯಮವನ್ನು ವಹಿಸಿಕೊಂಡನು. ೧೯೩೯ರಲ್ಲಿ ನಾಜಿಗಳು ದೇಶವನ್ನು ಆಕ್ರಮಿಸಿದರು. ಮಗನು ಕೆನಡಾಕ್ಕೂ ಚಿಕ್ಕಪ್ಪನು ಕೊನೆಗೆ ಬ್ರೆಜಿಲಿಗೂ ಹೋದರು. ೧೯೪೫ರಲ್ಲಿ ಜ್ಲೀನಿನ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡುವು. ೧೯೪೯ರಲ್ಲಿ ಊರಿನ ಹೆಸರೇ ಗಾಟ್‌ವಾಲ್ಡೋವ್ ಎಂದು ಬದಲಾಯಿತು. ಆಸ್ತಿಗಾಗಿ ಚಿಕ್ಕಪ್ಪ-ಮಗನ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಐಶ್ವರ್ಯ ಬಂದ ಮನೆಗೆ ವ್ಯಾಜ್ಯವೂ ಬರುತ್ತದೆಂಬ ನಮ್ಮ ಹಿರಿಯರ ಅನುಭವ ಅಲ್ಲಿಯೂ ಸುಳ್ಳಾಗಲಿಲ್ಲ. ಆದರೂ ೧೯೮೯ರ ಕೊನೆಯಲ್ಲಿ ಮಗ ತೊಮಾಷನು ಜ್ಲೀನಿಗೆ ಮರಳಿ ಬಂದಾಗ ಊರಿನ ಜನ ಗುಂಪುಗೂಡಿ ಸ್ವಾಗತಿಸಿದರು. ಮರುವರ್ಷ ಊರಿಗೆ ಹಳೆಯ ಹೆಸರೂ ಮರಳಿತು. ಅವನು ೨೦೦೮ರಲ್ಲಿ ನಿಧನ ಹೊಂದಿದನು.

ಈ ಮನೆತನಕ್ಕೂ ನಮಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ೧೯೩೦ರ ದಶಕದ ಆರಂಭದಲ್ಲಿ ಬಾಟಾ ಕಂಪೆನಿಯು ಭಾರತದಲ್ಲಿ, ಕಲ್ಕತ್ತೆಯ ಬಳಿಯ ಕೊನ್ನಗರದಲ್ಲಿ, ಕೆಲಸ ಆರಂಭಿಸಿತು. ೧೯೩೪ರಲ್ಲಿ ಹೂಗ್ಲಿ ನದಿಯ ದಡದಲ್ಲಿ ಬಾಟಾನಗರಕ್ಕೆ ಅಸ್ತಿಭಾರ ಬಿದ್ದಿತು. ಅಲ್ಲಿಂದ ಹೊರಟ ಅಗ್ಗದ ಜೋಡುಗಳು ದೇಶದ ಮೂಲೆಮೂಲೆಯನ್ನು ತಲುಪಿದುವು. ಅವುಗಳ ಹಿಂದೆಯೇ ರಬ್ಬರಿನ ಹವಾಯಿ ಚಪ್ಪಲಿಗಳು, ಪ್ಲಾಸ್ಟಿಕ್ಕಿನ ಜೋಡುಗಳು ಬಂದುವು. ಬಾವಿಗಳಿಗೆ ಪಂಪು ಬಂದ ಮೇಲೆ ಕಪಿಲೆಯ ಬಾನಿಯೂ ಬೇಡವಾಯಿತು. ನಮ್ಮ ತಾತನ ಆಯ ನಿಂತುಹೋಯಿತು. ಒಬ್ಬ ಚಮ್ಮಾರನ ಮಗನು ಎತ್ತಿಕಟ್ಟಿದ ಉದ್ಯಮವು ಇನ್ನೊಬ್ಬ ಚಮ್ಮಾರನ ಕೈಕೆಲಸವನ್ನು ಕಸಿದುಕೊಂಡಿತು. ಆದರೆ ಬರಿಗಾಲಿನಲ್ಲಿ ನಡೆಯುತ್ತಿದ್ದ ಲಕ್ಷಾಂತರ ಮಂದಿಯ ಕಾಲಿಗೆ ಜೋಡು ಬಂದದ್ದೂ ಆ ಅಗ್ಗದ ಬೆಲೆಯಿಂದಲೇ. ನಮ್ಮ ತಾತ ಮೊದಲ ಸಲ ಕಾಲಿಗೆ ಮೆಟ್ಟಿ ಊರಬೀದಿಯಲ್ಲಿ ನಡೆದದ್ದು ತಾವು ಹೊಲಿದ ಜೋಡನ್ನಲ್ಲ, ಸಂತೆಯಲ್ಲಿ ಕೊಂಡ ಹವಾಯಿ ಚಪ್ಪಲಿಯನ್ನು. ಇದನ್ನು ನಷ್ಟವೆನ್ನಲೇ, ಲಾಭವೆನ್ನಲೇ ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ಎರಡು ಊರುಗಳನ್ನೂ ಈಗ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವ್ಯತ್ಯಾಸವಿದ್ದುದು ಕೈಚಳಕದಲ್ಲಲ್ಲ; ಸೈನ್ಯಕ್ಕೆ ಒಪ್ಪುವ ಬೂಟನ್ನು ಹುಣಸೂರಿನವರು ಬಾಟಾ ಹುಟ್ಟುವ ಮೊದಲೇ ಮಾಡಿದ್ದರು. ವ್ಯತ್ಯಾಸವಿದ್ದುದು ಮೂರು ವಿಷಯಗಳಲ್ಲಿ. ಮೊದಲನೆಯದು ಬಂಡವಾಳ: ಅಲ್ಲಿ ೮೦೦ ಗುಲ್ಡನ್, ಇಲ್ಲಿ ಸೆರಗಿನಲ್ಲಿ ಹಿಡಿದ ರಾಗಿ. ಎರಡನೆಯದು ಬೆಲೆ ಹೇಳುವ ಸ್ವಾತಂತ್ರ್ಯ: ತೊಮಾಷನು ಬೆಲೆಯನ್ನು ಅರ್ಧಕ್ಕೆ ಇಳಿಸಿದನೆಂದರೆ ಬೆಲೆ ಅವನ ಕೈಯಲ್ಲಿತ್ತು ಎಂದರ್ಥ. ಮೂರನೆಯದು ಹೆಸರು: ಅವನ ಜೋಡಿನ ಮೇಲೆ ಅವನ ಮನೆತನದ ಹೆಸರಿದ್ದಿತು. ಸೈನ್ಯಕ್ಕೆ ಬೂಟು ಮಾರಿದ ಲಾಭ ಜ್ಲೀನಿನಲ್ಲಿ ಊರಾಗಿ ಬೆಳೆಯಿತು. ಹುಣಸೂರಿನಲ್ಲಿ ಕಾರ್ಖಾನೆಯ ಯಜಮಾನರೇ ಹೊರಗಿನವರಾದುದರಿಂದ ಅವರು ಹೊರಟೊಡನೆ ಕುಶಲಿಗೆ ಉಳಿದದ್ದು ಬರಿಯ ಕೈ.

ಚರ್ಮದ ಕೆಲಸದವನ ಹೆಸರನ್ನು ಗೌರವದಿಂದ ಉಳಿಸಿದ ಸಂಪ್ರದಾಯ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ೧೨ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡಾಗ ಸಮಾಜವು ಅದನ್ನು ಸಹಿಸಲಿಲ್ಲ. ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತ ನಾಡೇ ಅದನ್ನು ಮಾಡಿದವನನ್ನು ಹೊರಗಿಟ್ಟಿತು.

ನಮ್ಮ ಕಾಲದಲ್ಲಿ ಕೆಲವು ಹೆಜ್ಜೆಗಳು ಮುಂದೆ ಬಿದ್ದಿವೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ೧೯೭೬ರಲ್ಲಿ, ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವಾದ ಲಿಡ್ಕರ್ ಸ್ಥಾಪನೆಯಾಯಿತು. ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದುವು. ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಅದೇ ಮಾದರಿಯ ಚಪ್ಪಲಿಗಳನ್ನು ಮೂಲವನ್ನು ಹೇಳದೆ ಪ್ರದರ್ಶಿಸಿದಾಗ ದೇಶದಲ್ಲೆಲ್ಲ ಆಕ್ಷೇಪಣೆ ಎದ್ದಿತು. ಅವು ಭಾರತೀಯ ಕುಶಲಿಗಳ ಮಾದರಿಯಿಂದ ಪ್ರೇರಣೆ ಪಡೆದವೆಂದು ಸಂಸ್ಥೆಯು ಬಳಿಕ ಒಪ್ಪಿಕೊಂಡಿತು. ಹುಣಸೂರಿನ ಬೂಟಿಗಾಗಿ ಹಾಗೆ ಕೇಳುವವರು ೧೮೬೪ರಲ್ಲಿ ಯಾರೂ ಇರಲಿಲ್ಲ.

ಚಮ್ಮಾರನ ಮಕ್ಕಳು ಚಮ್ಮಾರರೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಬಿಡುವ ಹಕ್ಕು ಇದ್ದರೆ ಮಾತ್ರ ಕಸಬು ಕಸಬಾಗುತ್ತದೆ. ಇಲ್ಲದಿದ್ದರೆ ಅದು ಸಂಕೋಲೆ. ಹಿಡಿಯುವವನಿಗಾದರೋ ಬಂಡವಾಳವೂ ಬೆಲೆಯೂ ಹೆಸರೂ ದೊರೆಯಬೇಕು. ಅರ್ಥಶಾಸ್ತ್ರ, ಚರಿತ್ರೆಗಳನ್ನು ಓದುವ ನನ್ನ ಸ್ನೇಹಿತರು ತಮ್ಮ ತಮ್ಮ ಊರುಗಳಲ್ಲಿ ಇನ್ನೂ ಉಳಿದಿರುವ ಕುಶಲಿಗಳ ಹೆಸರು, ಕೆಲಸ, ಉಪಕರಣಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೂ ಅದೊಂದು ಸೇವೆಯಾದೀತು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನಮ್ಮ ತಂದೆಯವರು ಇಂದಿಗೂ ಬಸ್ಸು ನಿಲ್ದಾಣದ ಬಳಿ ಜೋಡು ಹೊಲಿದು ನನ್ನನ್ನು ಓದಿಸುತ್ತಿದ್ದಾರೆ. ಕಾಲೇಜಿಗೆ ಸೇರುವ ದಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಕೂಲಿ’ ಎಂದು ಬರೆದೆನು. ಯಾರೂ ನನ್ನನ್ನು ಹಾಗೆ ಬರೆ ಎಂದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಪ್ಪ ಓದಲು ಬಾರದವರು. ನಾನು ಬರೆದ ಕಡೆ ಹೆಬ್ಬೆಟ್ಟು ಒತ್ತಿದರು. ಹುಣಸೂರಿನ ಕುಶಲಿಗಳ ಹೆಸರನ್ನು ದಾಖಲೆಯವರು ಬಿಟ್ಟರೆಂದು ದೂರುವ ನಾನೇ ಅಂದು ಒಂದು ಹೆಸರನ್ನು ಅಳಿಸಿದ್ದೆನು. ಈ ವರ್ಷ ಪದವಿಯ ಅರ್ಜಿ ತುಂಬುವಾಗ ಅದೇ ಕಲಮು ಮತ್ತೆ ಬಂದರೆ ‘ಪಾದರಕ್ಷೆ ತಯಾರಕರು’ ಎಂದು ಬರೆಯುತ್ತೇನೆ. ಬರೆದುದನ್ನು ಅಪ್ಪನಿಗೆ ಓದಿಯೂ ಹೇಳುತ್ತೇನೆ.